ಇಳಿದುಕೊಳ್ಳುವ ಮನೆ

ಗಾಂಧಿಬಜಾರಿನ ಮನೆಗಳಿಗೆ ನೆಂಟರು ಬರುವುದಕ್ಕೆ ಒಂದು ಕಾರ್ಡು ಸಾಕಾಗಿದ್ದ ಕಾಲವೊಂದಿತ್ತು. ಎಷ್ಟೋ ವೇಳೆ ಕಾರ್ಡಿಗಿಂತ ಮೊದಲು ನೆಂಟರೇ ಬಂದಿಳಿಯುತ್ತಿದ್ದರು. ನೆಂಟರಿಲ್ಲದವನಿಗೆ ರೈಲು ನಿಲ್ದಾಣದ ಬಳಿಯ ಗುಬ್ಬಿ ತೋಟದಪ್ಪನವರ ಛತ್ರವೇ ಆಸರೆ. ‘ಎಲ್ಲಿ ಇಳಿದುಕೊಂಡಿರಿ?’ ಎಂಬುದು ಅಂದು ಕುಶಲಪ್ರಶ್ನೆಯಾಗಿತ್ತೇ ಹೊರತು ರುಜುವಾತನ್ನು ಬೇಡುವ ಪ್ರಶ್ನೆಯಾಗಿರಲಿಲ್ಲ.

ಇಂದು ಬಸವನಗುಡಿಯ, ಮಲ್ಲೇಶ್ವರದ ಹಿರಿಯರು ಮಗಳನ್ನು ನೋಡಲು ಯೂರೋಪಿಗೆ ಹೊರಟರೆ ಅದೇ ಪ್ರಶ್ನೆ ಕಾಗದದ ರೂಪದಲ್ಲಿ ಎದುರಾಗುತ್ತದೆ. ಒಂದೇ ವೀಸಾದಿಂದ ಸಂಚರಿಸಬಹುದಾದ ಷೆಂಗೆನ್ ದೇಶಗಳ ೨೦೦೯ರ ವೀಸಾ ಸಂಹಿತೆಯಂತೆ, ಪ್ರವಾಸಿಯು ತಂಗುವ ಸ್ಥಳದ ದಾಖಲೆಯನ್ನಾಗಲಿ, ವಸತಿಯ ವೆಚ್ಚಕ್ಕೆ ತಕ್ಕ ಹಣವಿದೆಯೆಂಬ ರುಜುವಾತನ್ನಾಗಲಿ ಒಪ್ಪಿಸಬೇಕು. ಹೋಟೆಲಿನಲ್ಲಿ ತಂಗುವವನಿಗೆ ಕೊಠಡಿ ಕಾಯ್ದಿರಿಸಿದ ಚೀಟಿ. ಮಗಳ ಮನೆಯಲ್ಲಿ ತಂಗುವವನಿಗೆ ಮಗಳ ಪತ್ರ. ಫ್ರಾನ್ಸಿನಲ್ಲಾದರೆ ಆ ಮಗಳು ತನ್ನೂರಿನ ಪುರಸಭೆಗೆ ಹೋಗಿ, ಮನೆಯಲ್ಲಿ ಅತಿಥಿಗಳಿಗೆ ಸ್ಥಳವಿದೆಯೆಂದು ತೋರಿಸಿ, ೩೦ ಯೂರೋ ತೆತ್ತು, ಅಧಿಕೃತ ಆತಿಥ್ಯಪತ್ರವನ್ನು ಪಡೆಯಬೇಕು. ಜರ್ಮನಿಯಲ್ಲಿ, ತಂದೆತಾಯಿಗಳ ಸ್ವಂತ ಹಣ ಸಾಲದಾದರೆ, ಅವರ ವೆಚ್ಚಕ್ಕೆ ತಾನೇ ಹೊಣೆಯೆಂದು ಅಧಿಕಾರಿಯ ಮುಂದೆ ರುಜು ಹಾಕಬೇಕು.

ಹೆತ್ತವರನ್ನು ಮನೆಗೆ ಕರೆಯುವುದಕ್ಕೂ ಮುದ್ರೆಯೇ ಎಂದು ಮುನಿಯುವವರುಂಟು. ಆದರೆ ನಮ್ಮ ದೇಶವೂ ಸುಮ್ಮನೆ ಕುಳಿತಿಲ್ಲ. ಚಾಮರಾಜಪೇಟೆಯ ಮನೆಯೊಂದರಲ್ಲಿ ವಿದೇಶೀಯನೊಬ್ಬನು ತಂಗಿದರೆ, ೨೪ ಗಂಟೆಗಳೊಳಗೆ ಅದನ್ನು ಸರ್ಕಾರಕ್ಕೆ ತಿಳಿಸುವುದು ಮನೆಯೊಡೆಯನ ಕರ್ತವ್ಯ. ಅತಿಥಿಯನ್ನು ದೇವರೆಂದವರೂ ದೇವರ ವಿಳಾಸವನ್ನು ಬರೆದಿಟ್ಟುಕೊಳ್ಳುತ್ತಾರೆ!

ಮುನಿಸಿಗಿಂತಲೂ ಅಪಾಯಕರವಾದುದು ಸುಲಭೋಪಾಯ. ಮಗಳಿಗೆ ಕಚೇರಿಗಳ ಅಲೆದಾಟ ತಪ್ಪಲೆಂದು, ದಲ್ಲಾಳಿಯಿಂದ ಹುಸಿ ಹೋಟೆಲಿನ ಚೀಟಿಯನ್ನು ಕೊಂಡು ಅರ್ಜಿಗೆ ಲಗತ್ತಿಸುವವರಿದ್ದಾರೆ. ‘ಎಲ್ಲರೂ ಮಾಡುವುದೇ’ ಎಂಬ ಸಮಾಧಾನ ಬೇರೆ. ಆ ಹೋಟೆಲನ್ನು ವಿಚಾರಿಸಲು ಅಧಿಕಾರಿಗೆ ಒಂದು ದೂರವಾಣಿ ಕರೆ ಸಾಕು. ಸುಳ್ಳು ದಾಖಲೆ ಕೊಟ್ಟುದೇ ನಿರಾಕರಣೆಗೆ ಕಾರಣವಾದರೆ, ಆ ಸಂಗತಿ ಷೆಂಗೆನ್ ದೇಶಗಳ ಸಾಮಾನ್ಯ ದಾಖಲೆಯಲ್ಲಿ ೫ ವರ್ಷ ಉಳಿಯಬಲ್ಲುದು. ಜೀವಮಾನವೆಲ್ಲ ಒಂದು ಸುಳ್ಳು ರುಜುವನ್ನೂ ಹಾಕದ ನಿವೃತ್ತ ಉಪಾಧ್ಯಾಯರಿಗೆ ಎಪ್ಪತ್ತರ ವಯಸ್ಸಿನಲ್ಲಿ ಅಂಟುವ ಕಳಂಕ ಅದು. ಮೊಮ್ಮಗುವಿನ ತೊದಲುನುಡಿಯಾದರೋ ೫ ವರ್ಷ ಕಾದು ನಿಲ್ಲುವುದಿಲ್ಲ.

ನೇರವಾದ ದಾರಿ ಅಷ್ಟೇನೂ ದುರ್ಗಮವಲ್ಲ. ಹೋಟೆಲಿನಲ್ಲಿ ತಂಗುವವರು ರದ್ದುಪಡಿಸಬಹುದಾದ ನಿಜವಾದ ಕೊಠಡಿಯನ್ನೇ ಕಾಯ್ದಿರಿಸಬಹುದು. ಹೋಗುವ ದೇಶದ ನಿಯಮಗಳನ್ನು ಎರಡು ತಿಂಗಳು ಮೊದಲೇ ಓದಿಕೊಂಡರೆ ಮಗಳಿಗೂ ಪತ್ರ ತರಿಸಲು ಅವಕಾಶ ದೊರೆಯುತ್ತದೆ. ಮಗಳ ಮನೆಗೆ ಹೋಗುವವರು ಮಗಳ ಮನೆಯೆಂದೇ ಬರೆಯಲಿ. ಅದಕ್ಕಿಂತ ಗೌರವದ ವಿಳಾಸ ತಂದೆತಾಯಿಗಳಿಗೆ ಬೇರೆಲ್ಲಿದೆ?