ಭಯಭಕ್ತಿಯ ಭಾರ ಯಾರ ತಲೆಗೆ?

ದೇವಾಲಯದಲ್ಲಿ ಭಯಭಕ್ತಿ ಕಡಿಮೆಯಾಗುತ್ತಿದೆ ಎಂಬ ದೂರು ಎದ್ದಾಗಲೆಲ್ಲ ಸಭೆಯ ಹಿರಿಯರ ಕಣ್ಣು ಮೊದಲು ಹೋಗುವುದು ಹೆಂಗಸರ ತಲೆಯ ಕಡೆಗೆ. ಸೆರಗು ಹೊದ್ದಿದ್ದಾಳೋ ಇಲ್ಲವೋ? ದುಪಟ್ಟಾ ಜಾರಿತೋ? ಮಗು ಅತ್ತರೆ ಎತ್ತಿಕೊಂಡು ಹೊರಗೆ ಹೋದಳೋ? ದೇವರ ಪರಿಶುದ್ಧತೆಯನ್ನು ಕಾಯುವ ಕೆಲಸವೆಲ್ಲ ಒಂದು ಗಜ ಬಟ್ಟೆಗೆ ಬಂದು ನಿಂತಿದೆ.

ಭಯಭಕ್ತಿ ಬೇಡವೆಂದು ನಾನು ಹೇಳುತ್ತಿಲ್ಲ. ಬೇಕು, ಈಗಿರುವುದಕ್ಕಿಂತ ಹೆಚ್ಚೇ ಬೇಕು. ಮದುವೆಯ ಆರಾಧನೆಯಲ್ಲಿ ವಿಡಿಯೋದವರು ಪೀಠಕ್ಕೆ ಬೆನ್ನು ಹಾಕಿ ನಿಂತು ಅಯ್ಯನವರಿಗೇ ‘ಸ್ವಲ್ಪ ಸರೀರಿ’ ಎನ್ನುವುದನ್ನು, ಪಾಪನಿವೇದನೆಯ ಮೌನದಲ್ಲಿ ಮೊಬೈಲು ಹಾಡುವುದನ್ನು ಕಂಡಾಗ ನನಗೂ ಮೈ ಉರಿಯುತ್ತದೆ. ಹೋರೇಬಿನಲ್ಲಿ ಉರಿಯುವ ಪೊದೆಯ ಮುಂದೆ ಮೋಶೆ ಕೆರ ಬಿಚ್ಚಿ ನಿಲ್ಲಬೇಕಾಯಿತು. ನಮ್ಮ ಕಡೆಯ ಎಷ್ಟೋ ಸಭೆಗಳಲ್ಲಿ ಇಂದಿಗೂ ಚಪ್ಪಲಿಯನ್ನು ಹೊರಗೇ ಬಿಡುತ್ತಾರೆ. ಒಳ್ಳೆಯ ರೂಢಿ, ಅದು ಗಂಡಸಿಗೂ ಹೆಂಗಸಿಗೂ ಒಂದೇ.

ಯೆಶಾಯನು ದೇವರ ಮಹಿಮೆಯನ್ನು ಕಂಡಾಗ ಅವನಿಗೆ ನೆನಪಾದದ್ದು ತನ್ನ ಉಡುಪಲ್ಲ, ತನ್ನ ಹೊಲಸು ತುಟಿಗಳು. ಕೆಂಡ ಮುಟ್ಟಿಸಿದ್ದೂ ಆ ತುಟಿಗೇ. ಪರಿಶುದ್ಧನ ಮುಂದೆ ನಿಂತವನಿಗೆ ಮೊದಲು ಕಾಣುವುದು ತನ್ನ ಕೊಳೆ, ಪಕ್ಕದವಳ ಕೂದಲಲ್ಲ.

ಸೆರಗಿನ ಪಾಠಕ್ಕೆ ಆಧಾರವೆಂದು ಎಲ್ಲರೂ ಎತ್ತುವುದು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯವನ್ನು. ಅಕ್ಕತಂಗಿಯರೇ, ಒಮ್ಮೆ ಅದನ್ನು ಪೂರ್ತಿ ಓದಿ ನೋಡಿ. ತಲೆ ಮುಚ್ಚಿಕೊಳ್ಳಬೇಕೆಂದು ಪೌಲನು ಹೇಳುವುದು ಬಾಯಿ ಮುಚ್ಚಿ ಕುಳಿತವಳಿಗಲ್ಲ. ಪ್ರಾರ್ಥಿಸುವ, ಪ್ರವಾದಿಸುವ ಹೆಂಗಸಿಗೆ. ಮೂರು ಅಧ್ಯಾಯ ದಾಟಿದ ಮೇಲೆ ಹೆಂಗಸರು ಸುಮ್ಮನಿರಲಿ ಎಂದಿದ್ದಾನಲ್ಲ ಎನ್ನುವವರು ಎರಡನ್ನೂ ಜೊತೆಗಿಟ್ಟು ಓದಬೇಕು.

ಇನ್ನು ಅದೇ 11ನೆಯ ಅಧ್ಯಾಯದ ಉತ್ತರಾರ್ಧ. ಕೊರಿಂಥದಲ್ಲಿ ಪ್ರಭುಭೋಜನಕ್ಕೆ ಸೇರಿದಾಗ ಉಳ್ಳವರು ತಮ್ಮದನ್ನು ಮೊದಲೇ ಉಂಡು ಕುಡಿದು ಮತ್ತೇರಿಸಿಕೊಳ್ಳುತ್ತಿದ್ದರು; ಇಲ್ಲದವರು ಹಸಿದಿರುತ್ತಿದ್ದರು. ಅಯೋಗ್ಯವಾಗಿ ಆ ರೊಟ್ಟಿ ತಿನ್ನಬಾರದೆಂಬ ಎಚ್ಚರಿಕೆ ಬರುವುದು ಈ ಸಂದರ್ಭದಲ್ಲಿ. ಈ ಅರ್ಧದ ಮೇಲೆ ಪ್ರಸಂಗ ಕೇಳಿದ್ದು ನನಗೆ ಅಪರೂಪ.

ದುಪಟ್ಟಾ ಜಾರಿದ ಹುಡುಗಿಯೊಬ್ಬಳನ್ನು ಪ್ರಭುಭೋಜನದ ಸಾಲಿನಲ್ಲೇ ತಡೆದು ಗದರಿಸಿದ್ದನ್ನು ನೋಡಿದ್ದೇನೆ. ಮನೆಗೆಲಸದವಳ ಎರಡು ತಿಂಗಳ ಸಂಬಳ ಹಿಡಿದಿಟ್ಟವರೂ, ಬೀಗರಿಂದ ‘ಉಡುಗೊರೆ’ ಎಣಿಸಿಕೊಂಡವರೂ ಅದೇ ಸಾಲಿನಲ್ಲಿ ನೆಟ್ಟಗೆ ನಡೆದುಹೋದರು. ಅವರನ್ನು ಯಾರೂ ತಡೆಯಲಿಲ್ಲ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ನೊಂದ ಸಹೋದರನೊಡನೆ ಮೊದಲು ಸಮಾಧಾನವಾಗಿ ಬಾ ಎಂದು ಯೇಸು ಕಲಿಸಿದ್ದು ಯಾರಿಗಾಗಿ?

ಕಟ್ಟಳೆಗಳು ಬದಲಾಗುತ್ತವೆ. ಕಥೋಲಿಕರ 1917ರ ಕಾನೂನು ಸಂಹಿತೆ ಹೆಂಗಸರು ತಲೆ ಮುಚ್ಚಿರಬೇಕೆಂದಿತ್ತು. 1983ರ ಹೊಸ ಸಂಹಿತೆಯಲ್ಲಿ ಆ ಮಾತೇ ಇಲ್ಲ. 2021ರಲ್ಲಿ ಪೋಪ್ ಫ್ರಾನ್ಸಿಸ್ ವಾಚಕರ ಮತ್ತು ಪೀಠಸೇವಕರ ಹೊಣೆಯನ್ನು ವಿಧಿವತ್ತಾಗಿ ಹೆಂಗಸರಿಗೂ ತೆರೆದರು. ದಕ್ಷಿಣ ಭಾರತ ಸಭೆಯಲ್ಲಿ 1976ರಲ್ಲೇ ಹೆಣ್ಣುಮಗಳಿಗೆ ಗುರುದೀಕ್ಷೆಯಾಯಿತು, 2013ರಲ್ಲಿ ಇ. ಪುಷ್ಪಲಲಿತಾ ನಂದ್ಯಾಲದ ಬಿಷಪ್ಪರಾದರು. ರೊಟ್ಟಿ ಮುರಿಯುವ ಕೈಗೆ ಬಳೆಯಿದ್ದರೆ ದೇವರ ಪರಿಶುದ್ಧತೆಗೆ ಕುಂದೇನೂ ಬರಲಿಲ್ಲ.

ನಾನು ತಲೆಗೆ ಸೆರಗು ಹೊದೆಯುತ್ತೇನೆ. ಅಜ್ಜಿಯಿಂದ ಬಂದ ಅಭ್ಯಾಸ. ಪ್ರಾರ್ಥನೆಯಲ್ಲಿ ಮನಸ್ಸನ್ನು ಒಂದೆಡೆ ನಿಲ್ಲಿಸುತ್ತದೆ. ಆದರೆ ಅದನ್ನು ಇನ್ನೊಬ್ಬಳ ತಲೆಗೆ ಹೇರುವ ಹಕ್ಕು ನನಗೂ ಇಲ್ಲ, ಹಿರಿಯರಿಗೂ ಇಲ್ಲ. ಮುಂದಿನ ಸಲ ಪ್ರಭುಭೋಜನದ ಪ್ರಕಟಣೆ ಓದುವಾಗ ‘ಹೆಂಗಸರು ತಲೆ ಮುಚ್ಚಿ ಬರತಕ್ಕದ್ದು’ ಎನ್ನುವ ಬದಲು ‘ಕೊಡಬೇಕಾದ ಕೂಲಿ ಕೊಟ್ಟು ಬರತಕ್ಕದ್ದು’ ಎಂದು ಓದಲಿ. ಸಾಲು ಎಷ್ಟು ಉದ್ದ ಉಳಿಯುತ್ತದೋ ನೋಡೋಣ.