ನಾಯಿಗೊಂದು ರಾಗಿ ಬಿಸ್ಕತ್ತು

ಹಬ್ಬದ ದಿನ. ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾರೆ. ಬಾಗಿಲ ಬಳಿ ನಾಯಿ ಬಾಲ ಅಲ್ಲಾಡಿಸುತ್ತ ಒಬ್ಬೊಬ್ಬರ ಮುಖವನ್ನೇ ನೋಡುತ್ತ ನಿಂತಿದೆ. ಹುಡುಗನಿಗೆ ಪಾಪ ಅನ್ನಿಸುತ್ತದೆ. ಅಮ್ಮ ಅತ್ತ ತಿರುಗಿದ್ದೇ ತಡ, ತನ್ನ ಪಾಯಸದಲ್ಲಿದ್ದ ದ್ರಾಕ್ಷಿಯನ್ನೆಲ್ಲ ಆರಿಸಿ ಅದರ ಮುಂದೆ ಹಾಕುತ್ತಾನೆ. ಹುಡುಗನ ಪ್ರೀತಿಯಲ್ಲಿ ದೋಷವಿಲ್ಲ, ದೋಷವಿರುವುದು ದ್ರಾಕ್ಷಿಯಲ್ಲಿ.

ದ್ರಾಕ್ಷಿ ಹಸಿಯದಾಗಲಿ, ಒಣಗಿದ್ದಾಗಲಿ, ಅದನ್ನು ತಿಂದ ಕೆಲವು ನಾಯಿಗಳ ಮೂತ್ರಪಿಂಡಗಳೇ ಕೆಲಸ ನಿಲ್ಲಿಸುತ್ತವೆ. ಇಷ್ಟು ತಿಂದರೆ ಅಪಾಯವಿಲ್ಲ ಎಂದು ಗೆರೆ ಎಳೆಯಲು ಬರುವುದಿಲ್ಲ. ಇದಕ್ಕೆ ಕಾರಣವೇನೆಂಬುದು ಬಹಳ ಕಾಲ ಒಗಟಾಗಿತ್ತು. ಮಕ್ಕಳ ಆಟಕ್ಕೆಂದು ಮನೆಯಲ್ಲಿ ಕಲಸಿದ್ದ ಹಿಟ್ಟನ್ನು ತಿಂದ ನಾಯಿಗೂ ಇದೇ ಗತಿಯಾದಾಗ ಅಮೆರಿಕದ ಪಶುವೈದ್ಯರಿಗೆ ಸುಳಿವು ಸಿಕ್ಕಿತು. ಆ ಹಿಟ್ಟಿಗೆ ಬೆರೆಸಿದ್ದ ‘ಕ್ರೀಮ್ ಆಫ್ ಟಾರ್ಟರ್’ ಎಂಬ ಪುಡಿ ಟಾರ್ಟಾರಿಕ್ ಆಮ್ಲದ ಒಂದು ಲವಣ. ದ್ರಾಕ್ಷಿಯಲ್ಲಿರುವುದೂ ಅದೇ ಆಮ್ಲ. 2021ರಲ್ಲಿ ಅವರು ಈ ಆಮ್ಲದತ್ತ ಬೆರಳು ತೋರಿಸಿದರು. ಹುಣಸೆಹಣ್ಣಿಗೆ ಹುಳಿ ಬಂದಿರುವುದೂ ಮುಖ್ಯವಾಗಿ ಇದರಿಂದಲೇ. ಆದ್ದರಿಂದ ಉಳಿದ ಪುಳಿಯೋಗರೆಯನ್ನು ನಾಯಿಗೆ ಹಾಕುವುದು ಬೇಡ.

ಚಾಕೊಲೇಟಿನ ಕಥೆ ಬೇರೆ. ಅದರಲ್ಲಿರುವ ಥಿಯೋಬ್ರೊಮೀನನ್ನು ಮನುಷ್ಯನ ದೇಹ ಬೇಗ ಕರಗಿಸಿ ಹೊರಹಾಕುತ್ತದೆ. ನಾಯಿಯ ದೇಹದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ ಬೇಕು. ಅಷ್ಟು ಹೊತ್ತೂ ಹೃದಯ ಓಡುತ್ತಲೇ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಈ ಗುಣ ಹೋಗುವುದಿಲ್ಲ. ‘ಸಕ್ಕರೆಯಿಲ್ಲದ’ ಚ್ಯೂಯಿಂಗ್ ಗಮ್‌ಗಳಲ್ಲಿ ಹಾಕುವ ಕ್ಸೈಲಿಟಾಲ್ ಇನ್ನೂ ಕ್ರೂರಿ. ಅದನ್ನು ಸಕ್ಕರೆಯೆಂದೇ ಭ್ರಮಿಸಿ ನಾಯಿಯ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುತ್ತದೆ. ರಕ್ತದ ಸಕ್ಕರೆ ಒಮ್ಮೆಲೇ ಕುಸಿಯುತ್ತದೆ.

ಹಾಗಾದರೆ ನಾಯಿಗೆ ಕೊಡುವುದೇನು? ಉತ್ತರ ಅಡುಗೆಮನೆಯ ರಾಗಿ ಡಬ್ಬಿಯಲ್ಲೇ ಇದೆ. ನಾಯಿ ತೋಳದ ವಂಶದ್ದು, ಅದಕ್ಕೆ ಮಾಂಸವೇ ಆಹಾರ ಎಂಬ ಮಾತು ಅರ್ಧ ಸತ್ಯ. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಎಂಬ ಕಿಣ್ವದ ವಂಶವಾಹಿಗೆ ತೋಳದಲ್ಲಿ ಇರುವುದು ಎರಡು ಪ್ರತಿ. ನಾಯಿಗಳಲ್ಲಿ 4ರಿಂದ 30 ಪ್ರತಿಗಳಿವೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಸಾವಿರಾರು ವರ್ಷ ಮನುಷ್ಯನ ಮನೆ ಬಾಗಿಲಲ್ಲಿ ಉಂಡದ್ದರ ಗುರುತು ಅದು. ಹಳ್ಳಿಯ ನಾಯಿ ಮುದ್ದೆ ತಿಂದು ಅರಗಿಸಿಕೊಳ್ಳುವುದರ ಗುಟ್ಟೂ ಇದೇ.

ಬಿಸ್ಕತ್ತು ಮಾಡುವ ಬಗೆ ಸುಲಭ. ಒಂದು ಸಿಹಿಗೆಣಸನ್ನು ಬೇಯಿಸಿ, ಸಿಪ್ಪೆ ತೆಗೆದು ಹಿಸುಕಿ. ಒಂದು ಮೊಟ್ಟೆ ಒಡೆದು ಹಾಕಿ. ಮೊಟ್ಟೆ ಬಳಸದ ಮನೆಗಳಲ್ಲಿ ನೀರು ಸಾಕು. ಚಪಾತಿ ಹಿಟ್ಟಿನ ಹದ ಬರುವಷ್ಟು ರಾಗಿಹಿಟ್ಟು ಸೇರಿಸಿ ನಾದಿ. ಉಪ್ಪು, ಬೆಲ್ಲ, ಎಣ್ಣೆ ಯಾವುದೂ ಬೇಡ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಸಣ್ಣ ಚೌಕಗಳಾಗಿ ಕತ್ತರಿಸಿ. ದಪ್ಪ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮಗುಚಿ ಹಾಕುತ್ತ, ಒಳಗೂ ಗಟ್ಟಿಯಾಗುವವರೆಗೆ ಬೇಯಿಸಿ. ಪೂರ್ತಿ ಆರಿದ ಮೇಲಷ್ಟೇ ಡಬ್ಬಿಗೆ ತುಂಬಿ. ಬಿಸಿ ಇದ್ದಾಗಲೇ ಮುಚ್ಚಿದರೆ ಹಬೆ ನೀರಾಗಿ ಬೂಸ್ಟು ಹಿಡಿಯುತ್ತದೆ. ಒಂದು ವಾರದೊಳಗೆ ಮುಗಿಯುವಷ್ಟು ಮಾತ್ರ ಮಾಡಿಕೊಳ್ಳುವುದು ಲೇಸು.

ಬೂಸ್ಟು ಬಂದದ್ದನ್ನು ‘ನಾಯಿಗೆ ತಾನೇ’ ಎಂದು ಹಾಕುವ ರೂಢಿ ಅನೇಕರಲ್ಲಿದೆ. ಬೂಸ್ಟು ಹಿಡಿದ ಕಡಲೆಕಾಯಿ, ಜೋಳಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಅದು ನಾಯಿಯ ಯಕೃತ್ತನ್ನೇ ಕೆಡಿಸುತ್ತದೆ. ಮನುಷ್ಯರಿಗೆ ಆಗದ್ದು ನಾಯಿಗೂ ಆಗದು.

ಇನ್ನು ಲೆಕ್ಕ. ತಿಂಡಿಯ ಪಾಲು ದಿನದ ಆಹಾರದಲ್ಲಿ ಹತ್ತನೇ ಒಂದನ್ನು ಮೀರಬಾರದು. 10 ಕಿಲೊ ತೂಕದ ನಾಯಿಗೆ ದಿನಕ್ಕೆ ಸುಮಾರು 600 ಕಿಲೊ ಕ್ಯಾಲೊರಿ ಬೇಕೆನ್ನಿ, ತಿಂಡಿಗೆ 60. ನೂರು ಗ್ರಾಂ ರಾಗಿಯಲ್ಲಿ 320ರ ಆಸುಪಾಸು ಇರುವುದರಿಂದ ದಿನಕ್ಕೆ 18 ಗ್ರಾಂ ಬಿಸ್ಕತ್ತಿಗಿಂತ ಹೆಚ್ಚು ಬೇಡ. ಅಡುಗೆಮನೆಯ ತಕ್ಕಡಿ ಹಿಡಿದು ಮಕ್ಕಳೇ ಇದನ್ನು ತೂಗಿ ನೋಡಬಹುದು.

ಆ ಹುಡುಗನ ನಾಯಿಯ ವಿಷಯಕ್ಕೆ ಬಂದರೆ, ಮಾಡಬೇಕಾದದ್ದು ಎರಡೇ. ಬೈಗುಳಕ್ಕೆ ಹೆದರಿ ಮುಚ್ಚಿಡದೆ ಅವನು ತಕ್ಷಣ ಹೇಳಬೇಕು. ದೊಡ್ಡವರು ವಾಂತಿ, ಸುಸ್ತು ಕಾಣಿಸಲಿ ಎಂದು ಕಾಯದೆ ಪಶುವೈದ್ಯರ ಬಳಿ ಓಡಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಬೇಡ, ಉಪ್ಪೇ ವಿಷವಾದೀತು. ಮುಂದಿನ ಹಬ್ಬಕ್ಕೆ ಎಲೆ ಹಾಕುವ ಮೊದಲೇ ಹುಡುಗನ ಕೈಗೆ ಎರಡು ರಾಗಿ ಬಿಸ್ಕತ್ತು ಕೊಟ್ಟರಾಯಿತು. ಪಾಯಸದ ದ್ರಾಕ್ಷಿಯನ್ನು ಅವನೇ ತಿಂದುಕೊಳ್ಳಲಿ.