ಒಬ್ಬರಿಗೆ ಬ್ಯಾಡ್ಜು, ಒಬ್ಬರಿಗೆ ಕಸಬರಿಗೆ

ಮೊನ್ನೆ ಮೊಮ್ಮಗ ಶಾಲೆಯಿಂದ ಬಂದವನೇ ಅಂಗಿಗೆ ಚುಚ್ಚಿಕೊಂಡಿದ್ದ ಬ್ಯಾಡ್ಜು ತೋರಿಸಿದ. "ತಾತಾ, ನಾನು ಹೌಸ್ ಕ್ಯಾಪ್ಟನ್!" ಬ್ಯಾಂಡು ಬಾರಿಸಿ, ಪ್ರಮಾಣವಚನ ಬೋಧಿಸಿ, ಅಪ್ಪ ಅಮ್ಮನನ್ನು ಕರೆಸಿ ಫೋಟೋ ಕೂಡ ತೆಗೆಸಿದ್ದಾರೆ. "ಇದರಲ್ಲಿ ಏನಪ್ಪಾ ಕೆಲಸ?" ಅಂತ ಕೇಳಿದೆ. "ರೆಸ್ಪಾನ್ಸಿಬಿಲಿಟಿ" ಅಂದ. ಸಂತೋಷವಾಯಿತು. ಆಮೇಲೆ ಊಟ ಮಾಡಿದ, ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೋದ! ತಪ್ಪು ಅವನೊಬ್ಬನದೇ ಅಲ್ಲ ಬಿಡಿ. ಅದೇ ಮೇಜಿನ ಮೇಲೆ ನಾನೂ ತಟ್ಟೆ ಬಿಟ್ಟು ಎದ್ದವನೇ.

ಆ ಎರಡೂ ತಟ್ಟೆ ಎತ್ತಿದ್ದು ನಮ್ಮ ಮನೆಗೆ ಕೆಲಸಕ್ಕೆ ಬರುವ ಅಮ್ಮ. ಆಕೆಯ ಮಗಳು ಸರ್ಕಾರಿ ಹಾಸ್ಟೆಲ್ ಶಾಲೆಯಲ್ಲಿ ಓದುತ್ತಾಳೆ. ಆ ಹುಡುಗಿಯ ವಯಸ್ಸೂ ನಮ್ಮ ಹುಡುಗನ ವಯಸ್ಸೂ ಒಂದೇ.

2025ರ ಬೇಸಿಗೆಯಲ್ಲಿ ಹೈದರಾಬಾದಿನಲ್ಲಿ ನಡೆದ ಒಂದು ಗಲಾಟೆ ನಿಮಗೆ ನೆನಪಿರಬಹುದು. ತೆಲಂಗಾಣದ ಸಮಾಜ ಕಲ್ಯಾಣ ಗುರುಕುಲ ಶಾಲೆಗಳ ಹಿರಿಯ ಅಧಿಕಾರಿಯೊಬ್ಬರು ಮಾತಾಡಿದ್ದೆನ್ನಲಾದ ಆಡಿಯೋ ಹೊರಬಂತು. ಮಕ್ಕಳು ತಮ್ಮ ಕೋಣೆ, ಶೌಚಾಲಯ ತಾವೇ ಸ್ವಚ್ಛ ಮಾಡಿಕೊಂಡರೆ ತಪ್ಪೇನು ಎಂಬುದು ಅದರ ಸಾರಾಂಶ. ಜವಾಬ್ದಾರಿ ಕಲಿಸುವ ಮಾತು ಎಂದರು ಕೆಲವರು. ಇದು ಪರಿಶಿಷ್ಟ ಜಾತಿಯ ಮಕ್ಕಳಿಗೆ ಮಾಡಿದ ಅವಮಾನ ಎಂದರು ಇನ್ನು ಕೆಲವರು. ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಆಯೋಗದಿಂದ ನೋಟಿಸೂ ಬಂತು. 2014ರಲ್ಲಿ ಹದಿಮೂರನೇ ವಯಸ್ಸಿಗೇ ಎವರೆಸ್ಟ್ ಹತ್ತಿದ ಮಾಲಾವತ್ ಪೂರ್ಣ ಓದಿದ್ದು ಇಂಥದೇ ಗುರುಕುಲದಲ್ಲಿ. ಹಾಗಾಗಿ ಈ ಶಾಲೆಗಳ ಬಗ್ಗೆ ಇಲ್ಲಿಯ ಜನಕ್ಕೆ ಒಂದು ಅಭಿಮಾನವಿದೆ. ನೋವಾದದ್ದೂ ಅದಕ್ಕೇ.

ನಿಜ ಹೇಳಬೇಕೆಂದರೆ, ಮೊದಲು ನಾನೂ ಅಧಿಕಾರಿಯ ಪಕ್ಷವೇ! "ನಾವು ಸಾಲಿ ಕಸ ಹೊಡೆದು ಬೆಳೆದವರಲ್ಲವೇ, ಏನಾಯಿತು ಈಗ?" ಅಂತ ಮನೆಯಲ್ಲಿ ಭಾಷಣ ಬಿಗಿದೆ. ಕೆಲಸದ ಅಮ್ಮ ನೆಲ ಒರೆಸುತ್ತಾ ತೆಲುಗಿನಲ್ಲಿ ಮೆಲ್ಲಗೆ ಕೇಳಿದ್ದಿಷ್ಟೇ: "ಸಾರ್, ಕಸ ಹೊಡೆಯೋದು ನನ್ನ ಮಗಳಿಗೆ ಹುಟ್ಟಿದಾಗಿನಿಂದ ಗೊತ್ತು. ಅದನ್ನ ಕಲಿಸೋದಕ್ಕೆ ಸಾಲೆ ಯಾಕೆ?"

ಭಾಷಣ ನಿಂತುಹೋಯಿತು. ಊರಿನ ಸಾಲಿ ಬೇರೆಯದೇ ರೀತಿ ನೆನಪಾಗತೊಡಗಿತು.

ನಮ್ಮದು ರಾಯಚೂರು ಕಡೆಯ ಹಳ್ಳಿ. ಅಲ್ಲಿ ಎಪ್ಪತ್ತರ ದಶಕದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಶ್ರಮದಾನ. ಅಂಗಳ ಗುಡಿಸುವುದು, ಸಗಣಿಯಿಂದ ನೆಲ ಸಾರಿಸುವುದು, ಗಿಡಕ್ಕೆ ನೀರು ಹಾಕುವುದು, ಕುಡಿಯುವ ನೀರಿನ ಗಡಿಗೆ ತುಂಬುವುದು, ಗಂಟೆ ಬಾರಿಸುವುದು. ಎಷ್ಟು ಚೆಂದ ಇತ್ತು ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಯಾರಿಗೆ ಯಾವ ಕೆಲಸ ಇತ್ತು? ಗಂಟೆ ಬಾರಿಸುತ್ತಿದ್ದವನು ಗೌಡರ ಮಗ. ನೀರಿನ ಗಡಿಗೆ ಮುಟ್ಟುತ್ತಿದ್ದವರು ನಾವು ಕೆಲವರು. ಕೇರಿಯಿಂದ ಬರುತ್ತಿದ್ದ ಹುಡುಗರು ಸಾಲಿಯ ಹಿಂದಿನ ಜಾಗ ಗುಡಿಸುತ್ತಿದ್ದರು. ಬಾಯಾರಿದರೆ ಅವರು ಬೊಗಸೆ ಒಡ್ಡಬೇಕು, ನಾವು ಮೇಲಿಂದ ನೀರು ಹಾಕಬೇಕು. ಮಾಸ್ತರು ಬೆತ್ತ ಹಿಡಿದು ನಿಂತಿರುತ್ತಿದ್ದರು. ಅವರು ಕಸಬರಿಗೆ ಹಿಡಿದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ನಾವು ಶ್ರಮದಾನ ಅಂದುಕೊಂಡದ್ದು ಊರಿನ ಜಾತಿ ಲೆಕ್ಕವೇ. ಹೆಸರು ಮಾತ್ರ ಬೇರೆ.

ಇದೆಲ್ಲ ಹಳೇ ಕಥೆ ಅನ್ನಬೇಡಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿ ಸ್ವಚ್ಛ ಮಾಡಲು ಇಳಿಸಿದ ಸುದ್ದಿ ಬಂತು. ಆ ಮಕ್ಕಳು ಯಾವ ಜಾತಿಯವರು ಅಂತ ನಾನು ಹೇಳಬೇಕಾಗಿಲ್ಲ. ಸಸ್ಪೆಂಡ್ ಆಯಿತು, ಕೇಸಾಯಿತು. ಶಾಲಾ ಮಕ್ಕಳಿಂದ ಶೌಚಾಲಯ ತೊಳೆಸಕೂಡದು ಎಂದು ಕರ್ನಾಟಕದ ಶಿಕ್ಷಣ ಇಲಾಖೆ ಸುತ್ತೋಲೆಯನ್ನೂ ಹೊರಡಿಸಿತು. ಒಳ್ಳೆಯದೇ ಆಯಿತು.

ಹಾಗಾದರೆ ಮಕ್ಕಳು ಕಸಬರಿಗೆ ಮುಟ್ಟಲೇಬಾರದೇ? ಅದೂ ನನಗೆ ಒಪ್ಪಿಗೆಯಿಲ್ಲ. ಜಪಾನಿನಲ್ಲಿ ಮಕ್ಕಳು ದಿನವೂ ತರಗತಿ ಗುಡಿಸಿ ಒರೆಸುತ್ತಾರೆ, ಸರದಿಯಂತೆ ಬಿಳಿ ಅಂಗಿ ತೊಟ್ಟು ಊಟ ಬಡಿಸುತ್ತಾರೆ. ಅಲ್ಲಿ ಡಾಕ್ಟರ ಮಗನಿಗೂ ಡ್ರೈವರನ ಮಗನಿಗೂ ಒಂದೇ ಬಟ್ಟೆ, ಒಂದೇ ಬಕೆಟ್ಟು. ಅಷ್ಟು ದೂರ ಯಾಕೆ? 1910ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗಾಂಧೀಜಿ ಒಬ್ಬ ಆಳನ್ನೂ ಇಟ್ಟುಕೊಳ್ಳಲಿಲ್ಲ. ಅಡುಗೆಯಿಂದ ಹಿಡಿದು ಪಾಯಖಾನೆಯವರೆಗೆ ಎಲ್ಲ ಅಲ್ಲಿದ್ದವರೇ. ಮೇಷ್ಟ್ರುಗಳು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳುವಂತಿಲ್ಲ ಎಂಬುದು ಅಲ್ಲಿಯ ನಿಯಮವಾಗಿತ್ತು. ಇಡೀ ವಿಷಯ ಈ ಒಂದು ನಿಯಮದಲ್ಲಿದೆ ಅನ್ನಿಸುತ್ತದೆ ನನಗೆ.

ಹವಾಯಿ ದ್ವೀಪಗಳ ಶಾಲೆಗಳಲ್ಲಿ 'ಕುಲೆಯಾನ' ಎಂಬ ಪದ ಬಳಸುತ್ತಾರೆ. (ಕೇಳಿದರೆ ನಮ್ಮ 'ಕುಲ' ನೆನಪಾಗುತ್ತದೆ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ!) ಅದಕ್ಕೆ ಜವಾಬ್ದಾರಿ ಅಂತಲೂ ಅರ್ಥ, ಹಕ್ಕು ಅಂತಲೂ ಅರ್ಥ. ಉಳುವವರಿಗೆ ತಾವು ಉಳುವ ನೆಲದ ಒಡೆತನ ಕೊಡಲು 1850ರಲ್ಲಿ ಅಲ್ಲಿ ತಂದ ಕಾಯಿದೆಗೂ ಇದೇ ಹೆಸರು. ಅಂದರೆ ಯಾವುದನ್ನು ನೋಡಿಕೊಳ್ಳಬೇಕೋ ಅದರ ಮೇಲೆ ನಿನಗೆ ಅಧಿಕಾರವೂ ಉಂಟು. ನಮ್ಮಲ್ಲಿ ಇವೆರಡನ್ನೂ ಕತ್ತರಿಸಿ ಬೇರೆ ಬೇರೆ ಮಕ್ಕಳಿಗೆ ಹಂಚಿಬಿಟ್ಟಿದ್ದೇವೆ. ನನ್ನ ಮೊಮ್ಮಗನಿಗೆ ಜವಾಬ್ದಾರಿ ಅಂದರೆ ಬ್ಯಾಡ್ಜು, ಆ ಅಮ್ಮನ ಮಗಳಿಗೆ ಜವಾಬ್ದಾರಿ ಅಂದರೆ ಕಸಬರಿಗೆ. ಇವನಿಗೆ ಮಾಡಲು ಕೆಲಸವಿಲ್ಲ, ಅವಳಿಗೆ ಮಾತಾಡಲು ಅಧಿಕಾರವಿಲ್ಲ.

ಆದ್ದರಿಂದ ಶಾಲೆಯವರು ಜವಾಬ್ದಾರಿ ಅಂದಾಗಲೆಲ್ಲ ನಾವು ಮೂರು ಪ್ರಶ್ನೆ ಕೇಳಬೇಕು. ಎಲ್ಲ ಮಕ್ಕಳಿಗೂ ಸರದಿ ಇದೆಯೇ? ಹೆಡ್‌ಮಾಸ್ಟರರ ಸರದಿ ಯಾವ ದಿನ? ನಲ್ಲಿಯಲ್ಲಿ ನೀರಿಲ್ಲ, ಊಟ ಸರಿಯಿಲ್ಲ ಅಂತ ಮಕ್ಕಳು ಹೇಳಿದರೆ ಕೇಳುವವರಿದ್ದಾರೆಯೇ? ಮೂರಕ್ಕೂ ಉತ್ತರ ಸಿಕ್ಕರೆ ಧಾರಾಳವಾಗಿ ಗುಡಿಸಲಿ. ಸಿಗದಿದ್ದರೆ ಅದು ಪಾಠವಲ್ಲ, ಆಳಿಗೆ ಕೊಡಬೇಕಾದ ಸಂಬಳದ ಉಳಿತಾಯ ಅಷ್ಟೆ. ಇನ್ನು ಶೌಚಾಲಯ, ಮಲದ ಗುಂಡಿ ಮಕ್ಕಳ ಕೆಲಸವೇ ಅಲ್ಲ. ಅದಕ್ಕೆ ಸಂಬಳ ಕೊಟ್ಟು ಆಳು ಇಡಬೇಕು, ಯಂತ್ರ ತರಿಸಬೇಕು. ಈ ಮಾತಿನಲ್ಲಿ ರಾಜಿ ಬೇಡ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಬಾಲ್ಯವೆಲ್ಲ ಬಂಗಾರವಾಗಿ ಕಾಣುವ ಒಂದು ರೋಗವಿದೆ. ಯುಗಾದಿಗೋ ರಾಜ್ಯೋತ್ಸವಕ್ಕೋ ನಾಲ್ಕು ಕನ್ನಡಿಗರು ಸೇರಿದರೆ "ನಮ್ಮ ಕಾಲದ ಸಾಲಿ..." ಅಂತ ಶುರುವಾಗುತ್ತದೆ. ಆ ಸಾಲಿಯ ಹಿಂದಿನ ಜಾಗ ಗುಡಿಸಿದವರು ಅದೇ ಕಥೆಯನ್ನು ಹೇಗೆ ಹೇಳುತ್ತಾರೋ, ನಾನು ಯಾವತ್ತೂ ಕೇಳಲಿಲ್ಲ. ನೀವು ಕೇಳಿದ್ದೀರಾ?

ಅಂದಹಾಗೆ, ಈಗ ನಮ್ಮ ಮನೆಯಲ್ಲಿ ತಾತ ಮೊಮ್ಮಗ ಇಬ್ಬರೂ ತಟ್ಟೆ ತೊಳೆದೇ ಎದ್ದು ಹೋಗುವುದು. "ಕ್ಯಾಪ್ಟನ್ ಯಾಕೆ ತೊಳೀಬೇಕು?" ಅಂತ ಮೊದಲ ದಿನ ಜಗಳ ತೆಗೆದ. "ಕ್ಯಾಪ್ಟನ್ ಆಗಿರೋದಕ್ಕೇ" ಅಂದೆ. ನನ್ನ ತಟ್ಟೆಯಲ್ಲಿ ಇನ್ನೂ ಎಣ್ಣೆ ಜಿಡ್ಡು ಉಳಿಯುತ್ತದೆ ಅಂತ ನನ್ನಾಕೆಯ ದೂರು. ಅರವತ್ತು ದಾಟಿದ ಮೇಲೆ ಕಲಿಯುತ್ತಿದ್ದೇನೆ, ಸ್ವಲ್ಪ ಸಮಯ ಕೊಡಿ!